ವಾಹನ ಪ್ರಶ್ನೋತ್ತರ: ಇಂಜಿನ್ನಿನಲ್ಲಿ ಬಂದು ಹೋಗುವ ‘ಟಿಕ್ ಟಿಕ್’

ಪ್ರಶ್ನೆ: ನನ್ನಲ್ಲಿರುವುದು 2011ರ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು, ಈವರೆಗೆ 2,30,000 ಕಿ.ಮೀ. ಓಡಿದೆ. ಕೆಲಸದ ನಿಮಿತ್ತ ಚಿತ್ರದುರ್ಗದಿಂದ ದಾವಣಗೆರೆಗೆ ಆಗಾಗ ಹೋಗಿಬರುತ್ತೇನೆ. ಕೆಲವು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ಟಿನ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ, ಊರು ದಾಟುವಷ್ಟರಲ್ಲಿ ನಿಂತುಹೋಗುತ್ತದೆ. ಹೆದ್ದಾರಿಯಲ್ಲಿ ಏನೂ ಇರುವುದಿಲ್ಲ. ದಾವಣಗೆರೆ ತಲುಪಿ ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಕೆಲವೊಮ್ಮೆ ಮತ್ತೆ ಕೇಳಿಸುತ್ತದೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೂ ಕೇಳಿಸುವುದೇ ಇಲ್ಲ. ಒಬ್ಬ ಮೆಕ್ಯಾನಿಕ್ ಟ್ಯಾಪೆಟ್ (ವಾಲ್ವನ್ನು ಒತ್ತುವ ಭಾಗ) ಎಂದರು, ಇನ್ನೊಬ್ಬರು ಹೆಡ್ ಇಳಿಸಬೇಕು ಎಂದರು. ಗ್ಯಾರೇಜಿಗೆ ಒಯ್ದಾಗ ಮಾತ್ರ ಸದ್ದು ಬರುವುದಿಲ್ಲ. ಯಾರ ಮಾತನ್ನು ನಂಬಲಿ? ಅಲ್ಲಿಯವರೆಗೆ ಗಾಡಿ ಓಡಿಸಬಹುದೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸದ್ದನ್ನು ಕಿವಿಯಾರೆ ಕೇಳದೆ ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವುಗಳಿರುವ ಭಾಗ) ಇಳಿಸಬೇಕೆಂದು ಹೇಳಿದವರ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಪತ್ರದಲ್ಲಿಯೇ ಅವರಿಬ್ಬರ ಅಭಿಪ್ರಾಯಕ್ಕಿಂತ ಹೆಚ್ಚು ಉಪಯುಕ್ತವಾದ ಮಾಹಿತಿ ಇದೆ. ಬಂದು ಹೋಗುವ ಸದ್ದು ಸುಮ್ಮನೆ ಬಂದು ಹೋಗುವುದಿಲ್ಲ. ಲೋಹದ ಬಿಸಿ, ಆಯಿಲ್ಲಿನ ಒತ್ತಡ, ಇಂಜಿನ್ನಿನ ಮೇಲಿನ ಭಾರ ಅಥವಾ ಯಾವುದೋ ವಿದ್ಯುತ್ ವಾಲ್ವಿಗೆ ಬರುವ ಆಜ್ಞೆ, ಇವುಗಳಲ್ಲಿ ಒಂದು ಬದಲಾದಾಗ ಅದು ಬರುತ್ತದೆ, ಮತ್ತೊಮ್ಮೆ ಬದಲಾದಾಗ ಹೋಗುತ್ತದೆ. ನೀವು ಹೇಳಿರುವ ಬೆಳಗಿನ ಸದ್ದು ಇಂಜಿನ್ ತಣ್ಣಗಿದ್ದಾಗ ಬಂದು ಬಿಸಿಯಾದಾಗ ಹೋಗುತ್ತದೆ. ಸಿಗ್ನಲ್ಲಿನ ಸದ್ದು ಇಂಜಿನ್ ಪೂರ್ತಿ ಬಿಸಿಯಾದ ಮೇಲೆ, ಅದೂ ಐಡಲಿಂಗ್‌ನಲ್ಲಿ (ಎಕ್ಸಲರೇಟರ್ ಒತ್ತದೆ ಇಂಜಿನ್ ಓಡುವಾಗ) ಮಾತ್ರ ಬರುತ್ತದೆ. ಒಂದೇ ದೋಷ ಹೀಗೆ ಎರಡು ವಿರುದ್ಧ ಸ್ಥಿತಿಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪವಾದ್ದರಿಂದ, ನೀವು ಒಂದೆಂದು ತಿಳಿದಿರುವುದು ಎರಡು ಬೇರೆ ಬೇರೆ ಸದ್ದುಗಳು ಎಂಬುದು ನಮ್ಮ ಮೊದಲ ಅನುಮಾನ. ಇಬ್ಬರು ಮೆಕ್ಯಾನಿಕ್‌ಗಳು ಎರಡು ಕಾರಣ ಹೇಳಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಎರಡನ್ನೂ ಹುಡುಕುವ ಮೊದಲು ಆಯಿಲ್ ನೋಡಬೇಕು, ಏಕೆಂದರೆ ಅದಕ್ಕೆ ಖರ್ಚಿಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಿಸಿ ಇಂಜಿನ್ ಆರಿಸಿ ಐದು–ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆಯಿರಿ. ಬಹುತೇಕ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವಿನ ಅಂತರ ಸುಮಾರು ಒಂದು ಲೀಟರ್ ಆಯಿಲ್ಲಿಗೆ ಸಮ. ಎರಡು ಲಕ್ಷ ಕಿ.ಮೀ. ದಾಟಿದ ಇಂಜಿನ್ ಎರಡು ಸರ್ವೀಸುಗಳ ನಡುವೆ ಅಷ್ಟನ್ನು ಹೊಗೆಯ ಸುಳಿವೂ ಕೊಡದೆ ಸುಟ್ಟುಬಿಡಬಲ್ಲದು. ಮಟ್ಟ ಇಳಿದಾಗ ತಿರುವಿನಲ್ಲೋ ಇಳಿಜಾರಿನಲ್ಲೋ ಪಂಪು ಗಾಳಿ ಎಳೆದುಕೊಂಡು, ಮೇಲಿನ ವಾಲ್ವ್ ಭಾಗಗಳಿಗೆ ಆಯಿಲ್ ಸರಿಯಾಗಿ ತಲುಪದೆ ಸದ್ದು ಶುರುವಾಗುತ್ತದೆ. ಮೇಲಿನ ಗುರುತನ್ನು ಮೀರಿ ತುಂಬಿಸುವುದೂ ತಪ್ಪೇ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಆಯಿಲ್ಲನ್ನು ಕಡೆದು ನೊರೆ ಮಾಡುತ್ತದೆ, ಆ ನೊರೆಯ ಗಾಳಿ ಹೈಡ್ರಾಲಿಕ್ ಟ್ಯಾಪೆಟ್ಟುಗಳೊಳಗೆ ಸೇರಿ ಅದೇ ಟಿಕ್ ಟಿಕ್ ಹುಟ್ಟಿಸುತ್ತದೆ.

ಇನ್ನು ಬೆಳಗಿನ ಸದ್ದು. ತಣ್ಣಗಿರುವಾಗ ಬಂದು, ಕೆಲವು ನಿಮಿಷ ಓಡಿದ ಮೇಲೆ ತಾನಾಗಿ ನಿಲ್ಲುವ ಟಿಕ್ ಟಿಕ್‌ಗೆ ಹಳೆಯ ಕಾರುಗಳಲ್ಲಿ ಮೊದಲು ಶಂಕಿಸಬೇಕಾದದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆಯ) ಸೋರಿಕೆಯನ್ನು. ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವಲ್ಲಿರುವ ಗ್ಯಾಸ್ಕೆಟ್ ಸುಟ್ಟಿದ್ದರೆ, ಸ್ಟಡ್ ಒಂದು ಮುರಿದಿದ್ದರೆ ಅಥವಾ ಬೀಡುಕಬ್ಬಿಣದಲ್ಲಿ ಕೂದಲೆಳೆಯ ಬಿರುಕು ಬಿದ್ದಿದ್ದರೆ, ಆ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಾಗಲೆಲ್ಲ ಒಂದಿಷ್ಟು ಅನಿಲ ಸಂದಿಯಿಂದ ಸಿಡಿಯುತ್ತದೆ. ದೂರದಿಂದ ಕೇಳುವವರಿಗೆ ಅದು ಥೇಟ್ ಟ್ಯಾಪೆಟ್ ಸದ್ದೇ. ಕಬ್ಬಿಣ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಂಡು ಸದ್ದು ನಿಲ್ಲುತ್ತದೆ. ನೀವು ಗ್ಯಾರೇಜಿಗೆ ಹೋಗುವಷ್ಟರಲ್ಲಿ ಇಂಜಿನ್ ಕಾದಿರುತ್ತದೆ, ಮೆಕ್ಯಾನಿಕ್ಕಿಗೆ ಏನೂ ಕೇಳಿಸುವುದಿಲ್ಲ. ಇದನ್ನು ಪರೀಕ್ಷಿಸಲು ಬೆಳಿಗ್ಗೆ ತಣ್ಣಗಿರುವಾಗಲೇ ಬಾನೆಟ್ ತೆರೆದು, ಮ್ಯಾನಿಫೋಲ್ಡಿನ ಅಂಚಿನಲ್ಲಿ, ವಿಶೇಷವಾಗಿ ಎರಡು ತುದಿಗಳ ಸಿಲಿಂಡರುಗಳ ಬಳಿ, ಕಪ್ಪು ಮಸಿಯ ಗೆರೆ ಇದೆಯೇ ನೋಡಿ. ಅನಂತರ ಸ್ಟಾರ್ಟ್ ಮಾಡಿಸಿ, ಒಂದು ಮಾರು ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಅಂಚಿನುದ್ದಕ್ಕೂ ಸರಿಸುತ್ತ ಹೋಗಿ. ಸೋರುವ ಜಾಗದಲ್ಲಿ ಸದ್ದು ಥಟ್ಟನೆ ಕಿವಿಗೆ ಬಡಿಯುತ್ತದೆ. ಇನ್ನೊಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರಿನ ಬಾಯಿಯನ್ನು ಒಂದೆರಡು ಕ್ಷಣ ಅರ್ಧ ಮುಚ್ಚಿದರೆ ಒಳಗಿನ ಒತ್ತಡ ಏರಿ ಸೋರಿಕೆಯ ಸದ್ದು ಜೋರಾಗುತ್ತದೆ, ಟ್ಯಾಪೆಟ್ಟಿನ ಸದ್ದು ಹಾಗೆಯೇ ಉಳಿಯುತ್ತದೆ. ಇದನ್ನು ಬಯಲಿನಲ್ಲಿ ಮಾಡಿ, ಮುಚ್ಚಿದ ಷೆಡ್ಡಿನಲ್ಲಿ ಬೇಡ.

ಸೋರಿಕೆ ಎಂದು ಖಚಿತವಾದರೆ ಅದನ್ನು ಸದ್ದಿನ ತೊಂದರೆ ಎಂದಷ್ಟೇ ತಿಳಿದು ವರ್ಷಗಟ್ಟಲೆ ಬಿಡುವುದು ಸರಿಯಲ್ಲ. ಬಾನೆಟ್ಟಿನೊಳಗೆ ಸೋರಿದ ಅನಿಲವನ್ನು ವಿಂಡ್‌ಶೀಲ್ಡಿನ ಬುಡದಲ್ಲಿರುವ ಜಾಲರಿಯ ಮೂಲಕ ಕ್ಯಾಬಿನ್ನಿನ ಬ್ಲೋವರ್ ಎಳೆದುಕೊಳ್ಳಬಲ್ಲದು, ಮತ್ತು ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಜೊತೆಗೆ, ಆಕ್ಸಿಜನ್ ಸೆನ್ಸರಿಗಿಂತ ಮೊದಲೇ ಸಂದಿ ಇದ್ದರೆ ಅಲ್ಲಿಂದ ಹೊರಗಿನ ಗಾಳಿಯೂ ಒಳಸೇರಿ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ ಎಂದು ಸೆನ್ಸರ್ ತಪ್ಪಾಗಿ ತಿಳಿದು ಹೆಚ್ಚು ಪೆಟ್ರೋಲ್ ಹಾಕಿಸುತ್ತದೆ. ನಿಮ್ಮ ಮೈಲೇಜ್ ಇತ್ತೀಚೆಗೆ ಇಳಿದಿದ್ದರೆ ಅದೂ ಇದಕ್ಕೆ ಸಾಕ್ಷಿಯಾದೀತು.

ಮಸಿಯೂ ಇಲ್ಲ, ಪೈಪಿನಲ್ಲಿಯೂ ಏನೂ ಕೇಳಿಸಲಿಲ್ಲ ಎಂದಾದರೆ ಟ್ಯಾಪೆಟ್ಟಿನ ಕಡೆ ತಿರುಗೋಣ. ಇಲ್ಲಿ ನಿಮ್ಮ ಇಂಜಿನ್ ಯಾವ ಬಗೆಯದು ಎಂಬುದು ತಿಳಿದಿರಬೇಕು. ಹೈಡ್ರಾಲಿಕ್ ಟ್ಯಾಪೆಟ್ ಇರುವ ಇಂಜಿನ್ನಿನಲ್ಲಿ ‘ಟ್ಯಾಪೆಟ್ ಸೆಟ್ಟಿಂಗ್’ ಎಂಬ ಕೆಲಸವೇ ಇಲ್ಲ. ಅವು ಆಯಿಲ್ ಒತ್ತಡದಿಂದ ವಾಲ್ವ್ ಭಾಗಗಳ ನಡುವಿನ ಅಂತರವನ್ನು ತಾವೇ ತುಂಬಿಕೊಳ್ಳುತ್ತವೆ, ರಾತ್ರಿ ಒಳಗಿನ ಆಯಿಲ್ ಇಳಿದುಹೋಗಿದ್ದರೆ ಬೆಳಿಗ್ಗೆ ಕೆಲವು ಕ್ಷಣ ಸದ್ದು ಮಾಡಿ ಸುಮ್ಮನಾಗುತ್ತವೆ. ಅದಕ್ಕೆ ಸೆಟ್ಟಿಂಗ್ ಮಾಡಿಕೊಡುತ್ತೇನೆಂದು ಹಣ ಕೇಳುವವರಿದ್ದರೆ ಬೇರೆ ಗ್ಯಾರೇಜು ಹುಡುಕುವುದು ಒಳ್ಳೆಯದು. ಆ ಅಂತರವನ್ನು ಹೊಂದಿಸಲು ಸ್ಕ್ರೂ ಅಥವಾ ಶಿಮ್ (ತೆಳು ಲೋಹದ ಬಿಲ್ಲೆ) ಇರುವ ಇಂಜಿನ್ ಆಗಿದ್ದರೆ, ಪೂರ್ತಿ ತಣ್ಣಗಾದ ಮೇಲೆ ವಾಲ್ವ್ ಕವರ್ ತೆಗೆದು ಫೀಲರ್ ಗೇಜಿನಿಂದ ಅಂತರ ಅಳೆಯಬೇಕು. ಸರಿಯಾದ ಅಳತೆ ಆಯಾ ಇಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯವಾಗಿ ಇದು ಎರಡು ಸಾದಾ ಕಾಗದದ ಹಾಳೆಗಳನ್ನು ಒಂದರ ಮೇಲೊಂದಿಟ್ಟಷ್ಟು ದಪ್ಪ, ಅಂದರೆ 0.2 ಮಿ.ಮೀ. ಆಸುಪಾಸು, ಮತ್ತು ಇನ್‌ಲೆಟ್ಟಿಗಿಂತ ಎಕ್ಸಾಸ್ಟಿನಲ್ಲಿ ತುಸು ಹೆಚ್ಚು. ಎಂಟೋ ಹದಿನಾರೋ ವಾಲ್ವುಗಳ ಅಳತೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಕೈಯಿಂದ ಅಲ್ಲಾಡಿಸಿ ‘ಲೂಸಿದೆ’ ಎನ್ನುವುದನ್ನು ಅಳತೆ ಎಂದು ಒಪ್ಪಬೇಡಿ.

ಮೊಬೈಲ್ ಇದ್ದವರು ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಇಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಐಡಲಿಂಗ್ ಇದ್ದಾಗ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಅದರ ಅರ್ಧ, ಅಂದರೆ 400 ಸುತ್ತು ತಿರುಗುತ್ತದೆ. ಹತ್ತು ಸೆಕೆಂಡ್ ಸದ್ದನ್ನು ಮುದ್ರಿಸಿ, ನಿಧಾನಗೊಳಿಸಿ ಎಣಿಸಿದಾಗ ಸುಮಾರು 66 ಬಂದರೆ ಅದು ಕ್ಯಾಮ್ ವೇಗದ ಸದ್ದು: ವಾಲ್ವ್, ಇಂಜೆಕ್ಟರ್ ಅಥವಾ ಒಂದು ಸಿಲಿಂಡರಿನ ಎಕ್ಸಾಸ್ಟ್ ಸೋರಿಕೆ. ಸುಮಾರು 133 ಬಂದರೆ ಅದು ಕ್ರ್ಯಾಂಕಿನೊಂದಿಗೆ ತಿರುಗುವ ಯಾವುದೋ ಭಾಗದ್ದು. ಯಾವ ಲೆಕ್ಕಕ್ಕೂ ಕೂಡದೆ ಹೋದರೆ ಬೆಲ್ಟಿನ ಕಡೆಯ ಪುಲ್ಲಿಗಳನ್ನೋ, ಮುಂದೆ ಹೇಳಲಿರುವ ವಿದ್ಯುತ್ ವಾಲ್ವನ್ನೋ ನೋಡಬೇಕಾಗುತ್ತದೆ. ಎಣಿಕೆ ಅಪರಾಧಿಯನ್ನು ಹಿಡಿದುಕೊಡುವುದಿಲ್ಲ; ಹುಡುಕಬೇಕಾದ ಓಣಿಯನ್ನು ಕಿರಿದುಗೊಳಿಸುತ್ತದೆ, ಅಷ್ಟೆ.

ಸಿಗ್ನಲ್ಲಿನಲ್ಲಿ ಬರುವ ಸದ್ದಿಗೆ ಎರಡು ಕಾರಣಗಳು ಸಾಧ್ಯ. ಒಂದು ನಿರಪಾಯಕಾರಿ, ಇನ್ನೊಂದು ಗಂಭೀರ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಇದ್ದಿಲಿನ ಡಬ್ಬಿಯೊಂದು ಹೀರಿಟ್ಟುಕೊಳ್ಳುತ್ತದೆ; ಇಂಜಿನ್ ಬಿಸಿಯಾದ ಮೇಲೆ ಆ ಆವಿಯನ್ನು ಇಂಜಿನ್ನಿಗೆ ಬಿಡುವ ಸಣ್ಣ ವಿದ್ಯುತ್ ವಾಲ್ವೇ ಪರ್ಜ್ ವಾಲ್ವ್. ಇಂಜಿನ್ನಿನ ಕಂಪ್ಯೂಟರ್ ತನಗೆ ಬೇಕೆನಿಸಿದಾಗ ಮಾತ್ರ ಅದನ್ನು ತೆರೆದು ಮುಚ್ಚುವುದರಿಂದ ಅದರ ಟಿಕ್ ಟಿಕ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ, ಮತ್ತು ಎಕ್ಸಲರೇಟರ್ ಒತ್ತಿದರೆ ಅದರ ಲಯ ಇಂಜಿನ್ನಿನ ಜೊತೆ ಏರುವುದಿಲ್ಲ. ಸದ್ದು ಬರುತ್ತಿರುವಾಗಲೇ ಅದರ ಮೇಲೆ ಬೆರಳಿಟ್ಟರೆ ಮಿಡಿತ ತಿಳಿಯುತ್ತದೆ. ಕನೆಕ್ಟರ್ ಬಿಚ್ಚಿದಾಗ ಸದ್ದು ನಿಂತರೆ ಕಾರಣ ಸಿಕ್ಕಂತೆ. ಪರೀಕ್ಷೆಯಾದ ಮೇಲೆ ಮರೆಯದೆ ಮತ್ತೆ ಹಾಕಿಬಿಡಿ, ಇಲ್ಲವಾದರೆ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಇದು ರೋಗವೇ ಅಲ್ಲದೆ ಇರಬಹುದು. ಹೊಸ ಕಾರಿನಲ್ಲಿಯೂ ಈ ಸದ್ದು ಇದ್ದೇ ಇರುತ್ತದೆ.

ಗಂಭೀರ ಕಾರಣವೆಂದರೆ ಆಯಿಲ್ ಒತ್ತಡದ ಕುಸಿತ. ಹೆದ್ದಾರಿಯ ಓಟದಿಂದ, ಅದರಲ್ಲೂ ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲಿನಲ್ಲಿ, ಆಯಿಲ್ ತೆಳುವಾಗಿರುತ್ತದೆ. ಸಿಗ್ನಲ್ಲಿನಲ್ಲಿ ಇಂಜಿನ್ ನಿಧಾನವಾದಾಗ ಪಂಪೂ ನಿಧಾನವಾಗುತ್ತದೆ. ಬೇರಿಂಗುಗಳು ಸವೆದು ಸಂದಿ ದೊಡ್ಡದಾಗಿದ್ದರೆ ಒತ್ತಡ ಅಲ್ಲಿಯೇ ಸೋರಿ ಮೇಲಿನ ಭಾಗಗಳಿಗೆ ಸಾಲದೆ ಹೋಗುತ್ತದೆ. ‘ಆಯಿಲ್ ದೀಪ ಹತ್ತಿಲ್ಲವಲ್ಲ’ ಎಂದು ಅನೇಕರು ಸಮಾಧಾನಪಡುತ್ತಾರೆ, ಆದರೆ ಆ ದೀಪ ಸಾಮಾನ್ಯವಾಗಿ ಒತ್ತಡವು 5–7 ಪಿಎಸ್‌ಐಗೆ ಇಳಿಯುವವರೆಗೆ ಸುಮ್ಮನಿರುತ್ತದೆ. ಆದ್ದರಿಂದ ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ, ಆ ಜಾಗದಲ್ಲಿ ಮುಳ್ಳಿನ ಗೇಜ್ ಕೂರಿಸಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿಯೂ 3,000 ಸುತ್ತಿನಲ್ಲಿಯೂ ಒತ್ತಡ ಓದಿಸಿ. ಪ್ರತಿ 1,000 ಸುತ್ತಿಗೆ ಕನಿಷ್ಠ 10 ಪಿಎಸ್‌ಐ ಇರಬೇಕೆಂಬುದು ಹಳೆಯ ಮೇಸ್ತ್ರಿಗಳ ಅಂದಾಜು. ಕಂಪನಿಯ ಕೈಪಿಡಿ ಬೇರೆ ಹೇಳಿದ್ದರೆ ಅದೇ ಅಂತಿಮ. ನಿಮ್ಮ ಇಂಜಿನ್ನಿಗೆ ಮಾಡಿಸಬೇಕಾದ ಪರೀಕ್ಷೆಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಾವು ಆರಿಸುವುದು ಇದನ್ನೇ, ಏಕೆಂದರೆ ಮುಂದೆ ಎಷ್ಟು ಖರ್ಚು ಮಾಡುವುದು ತರವೆಂಬುದು ಈ ಎರಡು ಅಂಕಿಗಳ ಮೇಲೆ ನಿಂತಿದೆ.

ಒತ್ತಡ ಕಡಿಮೆ ಬಂದು, ಸದ್ದೂ ಟಿಕ್ ಎನ್ನುವುದಕ್ಕಿಂತ ‘ಟೊಕ್’ ಎಂಬಂತೆ ದಪ್ಪಗಿದ್ದು, ಎಕ್ಸಲರೇಟರ್ ಒತ್ತಿ ಬಿಡುವಾಗ ಹೆಚ್ಚಾಗುವುದಾದರೆ ಕನೆಕ್ಟಿಂಗ್ ರಾಡ್ ಬೇರಿಂಗನ್ನು ಶಂಕಿಸಬೇಕು. ಆಗ ಒಂದೊಂದೇ ಸಿಲಿಂಡರನ್ನು ನಿಲ್ಲಿಸಿ ಕೇಳುತ್ತಾರೆ: ಆ ಸಿಲಿಂಡರ್ ನಿಂತಾಗ ಸದ್ದು ತಗ್ಗಿದರೆ ಬೇರಿಂಗ್ ಅದರದ್ದೇ, ವಾಲ್ವಿನ ಸದ್ದು ಹೀಗೆ ತಗ್ಗುವುದಿಲ್ಲ. ಹಾಗೆ ನಿಲ್ಲಿಸಲು ಇಂಜೆಕ್ಟರಿನ ಕನೆಕ್ಟರ್ ಬಿಚ್ಚಬೇಕೇ ಹೊರತು ಪ್ಲಗ್ಗಿನ ಕಾಯಿಲ್ ಅಲ್ಲ; ಕಿಡಿ ಇಲ್ಲದೆ ಪೆಟ್ರೋಲ್ ಮಾತ್ರ ಹೋದರೆ ಅದು ಹೊಗೆ ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತದೆ. ಆಯಿಲ್ ಬದಲಿಸುವಾಗ ಹಳೆಯ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿನಲ್ಲಿ ಬಿಡಿಸಿ ನೋಡುವ ಅಭ್ಯಾಸವೂ ಒಳ್ಳೆಯದು; ಅಯಸ್ಕಾಂತಕ್ಕೆ ಅಂಟದ, ಮಿನುಗುವ ಚೂರುಗಳು ಕಂಡರೆ ಅವು ಬಹುಮಟ್ಟಿಗೆ ಬೇರಿಂಗಿನವು.

ಓಡಿಸುವ ವಿಷಯಕ್ಕೆ ಬಂದರೆ, ಆಯಿಲ್ ಮಟ್ಟ ಸರಿಯಿದ್ದು ಸದ್ದು ಬೆಳಿಗ್ಗೆ ಮಾತ್ರ ಇದ್ದರೆ, ಕಿಟಕಿ ತೆರೆದುಕೊಂಡು, ತಪಾಸಣೆಯ ದಿನದವರೆಗೆ ಓಡಿಸಬಹುದು. ಬಿಸಿಯಾದಷ್ಟೂ ಸದ್ದು ಹೆಚ್ಚುತ್ತಿದ್ದರೆ, ಅಥವಾ ಆಯಿಲ್ ದೀಪ ಒಮ್ಮೆ ಮಿನುಗಿದರೂ, ಅಲ್ಲಿಯೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ. ಎಳೆಸಿಕೊಂಡು ಹೋಗುವ ಬಾಡಿಗೆ ಕ್ರ್ಯಾಂಕ್ ಶಾಫ್ಟಿನ ಬೆಲೆಗಿಂತ ಬಹಳ ಕಡಿಮೆ. ಗ್ಯಾರೇಜಿನಲ್ಲಿ ಸದ್ದು ಬರುವುದಿಲ್ಲವೆಂಬ ತೊಡಕಿಗೆ ಪರಿಹಾರ ಸುಲಭ: ಗಾಡಿಯನ್ನು ಸಂಜೆ ಬಿಟ್ಟು ಬನ್ನಿ, ಮರುದಿನ ನೀವು ತಲುಪುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದೆಂದು ಹೇಳಿ, ಬೆಳಿಗ್ಗೆ ನಿಮ್ಮ ಎದುರಿಗೇ ಮೊದಲ ಸ್ಟಾರ್ಟ್ ಮಾಡಿಸಿ. ಹೆಡ್ ಇಳಿಸುವ ಮಾತು, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡದ) ಪರೀಕ್ಷೆಯಲ್ಲಿ ಯಾವುದಾದರೂ ಸಿಲಿಂಡರ್ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಕಡಿಮೆ ತೋರಿಸಿದ ಮೇಲೆ ಬರಲಿ.

ಪ್ರಶ್ನೆ: ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳ ಸಾಗಿಸುವ ನಮ್ಮ ಕಾಮನ್ ರೈಲ್ ಡೀಸೆಲ್ ಪಿಕಪ್ 3 ಲಕ್ಷ ಕಿ.ಮೀ. ದಾಟಿದೆ. ಕಳೆದ ಸರ್ವೀಸಿನ ನಂತರ, ಒಂದೆರಡು ದಿನ ನಿಲ್ಲಿಸಿ ಸ್ಟಾರ್ಟ್ ಮಾಡಿದಾಗ ಎರಡು–ಮೂರು ಸೆಕೆಂಡ್ ಕಟಕಟ ಎಂದು ನಿಲ್ಲುತ್ತದೆ. ಅದಲ್ಲದೆ, ಓಡುವಾಗ ಒಂದು ಸಿಲಿಂಡರಿನಿಂದ ಆಗೀಗ ಟಿಕ್ ಟಿಕ್ ಬರುತ್ತದೆ. ಹಳೆಯ ಲಾರಿಯಲ್ಲಿ ಮಾಡುತ್ತಿದ್ದಂತೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರೆಂದು ನೋಡಬಹುದೇ?
— ಓದುಗರೊಬ್ಬರು, ಜಗಳೂರು

ಉತ್ತರ: ದಯವಿಟ್ಟು ಬೇಡ. ಹಳೆಯ ಲಾರಿಯ ಪಂಪಿನ ಕಾಲದ ಆ ವಿಧಾನವನ್ನು, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್ನಿನ ಹತ್ತಿರಕ್ಕೂ ತರಬಾರದು. ಆ ಪೈಪುಗಳಲ್ಲಿ ಡೀಸೆಲ್ ಒತ್ತಡ 1,000 ಬಾರ್ ಮೀರಿ, ಕೆಲವು ಇಂಜಿನ್ನುಗಳಲ್ಲಿ 2,000 ಬಾರ್‌ವರೆಗೂ ಹೋಗುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಆಸುಪಾಸು ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ, ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಮತ್ತು ಬೆರಳೋ ಕೈಯೋ ಹೋಗುವುದುಂಟು. ಯಾವ ಸಿಲಿಂಡರೆಂದು ತಿಳಿಯಲು ಸ್ಕ್ಯಾನರ್ ಮೂಲಕ ಒಂದೊಂದೇ ಇಂಜೆಕ್ಟರ್ ನಿಲ್ಲಿಸಬಹುದು.

ನೀವು ಹೇಳುವ ಟಿಕ್ ಟಿಕ್‌ಗೆ ಮೊದಲು ಇಂಜೆಕ್ಟರುಗಳ ಬುಡ ನೋಡಿಸಿ. ಇಂಜೆಕ್ಟರಿನ ಕೆಳಗಿರುವ ತಾಮ್ರದ ವಾಷರ್ ಹಾಳಾದರೆ ದಹನದ ಅನಿಲ ಅದರ ಸುತ್ತ ಚಿಕ್ ಚಿಕ್ ಎಂದು ನುಗ್ಗಿ, ಬುಡದಲ್ಲಿ ಟಾರಿನಂತಹ ಕಪ್ಪು ಕಿಟ್ಟ ಕಟ್ಟುತ್ತದೆ. ಬೇಗ ಹಿಡಿದರೆ ವಾಷರಿನ ಖರ್ಚು. ತಡವಾದರೆ ಇಂಜೆಕ್ಟರ್ ಹೆಡ್ಡಿಗೇ ಅಂಟಿಕೊಂಡು ಹೊರಬರುವುದಿಲ್ಲ. ಬುಡ ಸ್ವಚ್ಛವಾಗಿದ್ದರೆ ಇಂಜೆಕ್ಟರುಗಳ ರಿಟರ್ನ್ ಡೀಸೆಲ್ಲನ್ನು ಒಂದೊಂದು ಬಾಟಲಿಗೆ ಹಿಡಿದು ಹೋಲಿಸುವ ಪರೀಕ್ಷೆ ಮಾಡಿಸಿ.

ಸ್ಟಾರ್ಟಿನ ಕಟಕಟ ಬೇರೆಯೇ ವಿಷಯ. ಸರ್ವೀಸಿನ ನಂತರ ಶುರುವಾಯಿತು ಎಂದು ನೀವೇ ಬರೆದಿದ್ದೀರಿ, ಹಾಗಾಗಿ ಅನುಮಾನ ಹೊಸ ಆಯಿಲ್ ಫಿಲ್ಟರಿನ ಮೇಲೆ. ಒಳ್ಳೆಯ ಫಿಲ್ಟರಿನೊಳಗೆ ರಬ್ಬರಿನ ತಡೆ ವಾಲ್ವ್ ಇದ್ದು, ಇಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಇಳಿಯದಂತೆ ಹಿಡಿದಿಡುತ್ತದೆ. ಕಳಪೆ ಫಿಲ್ಟರಿನಲ್ಲಿ ಅದು ಗಡುಸಾಗಿ ಸರಿಯಾಗಿ ಕೂರುವುದಿಲ್ಲ. ಮರಳಿ ತುಂಬಿಕೊಳ್ಳುವವರೆಗೆ ಇಂಜಿನ್ ಒಣಗಿದಂತೆ ಓಡುತ್ತದೆ. ಅಸಲಿ ಫಿಲ್ಟರ್ ಹಾಕಿಸಿದ ಮೇಲೂ ಸದ್ದು ಉಳಿದರೆ ಟೈಮಿಂಗ್ ಚೈನಿನ ಟೆನ್ಷನರ್ ನೋಡಿಸಬೇಕು. ಚೈನ್ ಹಲ್ಲು ಜಾರಿದರೆ ಪಿಸ್ಟನ್ನಿಗೆ ವಾಲ್ವ್ ಬಡಿಯುತ್ತದೆ.

ಪ್ರಶ್ನೆ: ಗ್ಯಾಸ್ ಕಿಟ್ ಹಾಕಿಸಿ ಬಹಳ ಕಾಲವಾಯಿತು. ಮೊದಲು ಟ್ಯಾಪೆಟ್ ಸದ್ದು ಬಂದು ಹೋಗುತ್ತಿತ್ತು, ಈಗ ತಾನಾಗಿಯೇ ಪೂರ್ತಿ ನಿಂತಿದೆ. ಇಂಜಿನ್ ಸುಧಾರಿಸಿದೆ ಎಂದುಕೊಳ್ಳಬಹುದೇ?
— ಓದುಗರೊಬ್ಬರು, ಹರಿಹರ

ಉತ್ತರ: ಯಾವ ರಿಪೇರಿಯೂ ಇಲ್ಲದೆ ಸದ್ದು ನಿಂತಿರುವುದು ನಮಗೆ ಸದ್ದು ಬರುವುದಕ್ಕಿಂತ ಹೆಚ್ಚು ಆತಂಕದ ಸಂಗತಿ. ಗ್ಯಾಸಿನಲ್ಲಿ ಬಹಳ ಓಡಿದ ಇಂಜಿನ್ನಿನಲ್ಲಿ ವಾಲ್ವ್ ಸೀಟುಗಳು ಸವೆದು ವಾಲ್ವುಗಳು ಹೆಡ್ಡಿನೊಳಕ್ಕೆ ಕೂರುತ್ತ ಹೋಗುತ್ತವೆ, ಅದರಿಂದ ಟ್ಯಾಪೆಟ್ ಅಂತರ ಕಡಿಮೆಯಾಗುತ್ತದೆ. ಅಂತರ ಪೂರ್ತಿ ಮುಗಿದ ಮೇಲೆ ಎಕ್ಸಾಸ್ಟ್ ವಾಲ್ವ್ ಸೀಟಿನ ಮೇಲೆ ಗಟ್ಟಿಯಾಗಿ ಕೂರದೆ, ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸಲಾಗದೆ ಸುಟ್ಟುಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ತಡವಾಗುತ್ತಿದ್ದರೆ, ಐಡಲಿಂಗ್ ಕುಂಟುತ್ತಿದ್ದರೆ ವಿಳಂಬ ಬೇಡ. ಇಲ್ಲದಿದ್ದರೂ ಈ ತಿಂಗಳಲ್ಲಿಯೇ ಅಂತರ ಅಳೆಯಿಸಿ. ಕಿಟ್ಟಿನ ಗ್ಯಾಸ್ ಇಂಜೆಕ್ಟರುಗಳು ತಾವೇ ಜೋರಾಗಿ ಟಿಕ್ ಟಿಕ್ ಎನ್ನುತ್ತವೆ; ಪೆಟ್ರೋಲಿಗೆ ಬದಲಿಸಿದಾಗ ನಿಲ್ಲುವ ಸದ್ದು ಅವುಗಳದ್ದೇ, ಅದಕ್ಕೆ ಹೆದರಬೇಕಿಲ್ಲ.

ಪ್ರಶ್ನೆ: ಹಳೆಯ ಕಾರಿಗೆ ದಪ್ಪ ಆಯಿಲ್ ಹಾಕಿದರೆ ಅಥವಾ ಫ್ಲಶ್ ಮಾಡಿಸಿದರೆ ಟಿಕ್ ಟಿಕ್ ನಿಲ್ಲುತ್ತದೆಯೇ?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ದಪ್ಪ ಆಯಿಲ್ಲಿನಿಂದ ಸದ್ದು ತಗ್ಗುವುದುಂಟು, ಕಾರಣ ಹಾಗೆಯೇ ಉಳಿಯುತ್ತದೆ. ಡಬ್ಬಿಯ ಮೇಲೆ ಡಬ್ಲ್ಯೂಗಿಂತ ಮೊದಲಿನ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆಂಬುದನ್ನೂ, ನಂತರದ್ದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ದಪ್ಪಗಿರುತ್ತದೆಂಬುದನ್ನೂ ಹೇಳುತ್ತದೆ. ನಿಮ್ಮ ಕಾರಿನ ಕೈಪಿಡಿ ಬಿಸಿ ಪ್ರದೇಶಕ್ಕೆ ಒಂದು ಮೆಟ್ಟಿಲು ದಪ್ಪದ ಆಯಿಲ್ಲಿಗೆ ಅನುಮತಿಸಿದ್ದರೆ ಹಾಕಿಸಿ. 5ಡಬ್ಲ್ಯೂ-30 ಬೇಡುವ ಇಂಜಿನ್ನಿಗೆ 20ಡಬ್ಲ್ಯೂ-50 ಸುರಿದರೆ ಬೆಳಗಿನ ಮೊದಲ ಕ್ಷಣಗಳಲ್ಲಿ ಅದು ಮೇಲಿನ ಭಾಗಗಳಿಗೆ ತಲುಪುವುದೇ ತಡ, ಮತ್ತು ಆಯಿಲ್ ಒತ್ತಡದಿಂದ ಕೆಲಸ ಮಾಡುವ ವಾಲ್ವ್ ಟೈಮಿಂಗ್ ವ್ಯವಸ್ಥೆ ಇದ್ದರೆ ಅದೂ ಸರಿಯಾಗಿ ಸ್ಪಂದಿಸುವುದಿಲ್ಲ. ಫ್ಲಶ್ (ರಾಸಾಯನಿಕ ಹಾಕಿ ಇಂಜಿನ್ನಿನ ಒಳಗನ್ನು ತೊಳೆಯುವುದು) ಬಗ್ಗೆ ನಮ್ಮ ಅಭಿಪ್ರಾಯ ಕಟುವಾಗಿಯೇ ಇದೆ: ಆಯಿಲ್ ಬದಲಾವಣೆಯನ್ನು ವರ್ಷಗಟ್ಟಲೆ ತಪ್ಪಿಸಿದ ಇಂಜಿನ್ನಿಗೆ ಮಾಡಿಸಲೇಬೇಡಿ. ಗೋಡೆಗಳಿಗೆ ಅಂಟಿದ ಕಿಟ್ಟವೆಲ್ಲ ಒಮ್ಮೆಲೇ ಕಳಚಿ ಕೆಳಗಿನ ಸೋಸು ಜಾಲರಿಗೆ ಅಡ್ಡ ಬಂದರೆ ಪಂಪಿಗೆ ಆಯಿಲ್ಲೇ ಸಿಗುವುದಿಲ್ಲ. ಕೈಪಿಡಿ ಹೇಳುವ ದರ್ಜೆಯ ಒಳ್ಳೆಯ ಆಯಿಲ್ ಹಾಕಿಸಿ, ಮುಂದಿನ ಒಂದೆರಡು ಬದಲಾವಣೆಗಳನ್ನು ಅರ್ಧ ಅವಧಿಗೇ ಮಾಡಿಸಿದರೆ ಕಿಟ್ಟ ನಿಧಾನವಾಗಿ ಕರಗಿ ಹೊರಬರುತ್ತದೆ. ನೀವು ಹಳೆಯ ಕಾರು ಕೊಳ್ಳಲು ಹೊರಟಿದ್ದರೆ, ಯಾವ ದರ್ಜೆಯ ಆಯಿಲ್ ಹಾಕಿದ್ದಾರೆಂದು ಸರ್ವೀಸ್ ಬಿಲ್ಲಿನಲ್ಲಿ ನೋಡಿ, ಮತ್ತು ನೀವು ಬರುವ ಮೊದಲೇ ಇಂಜಿನ್ ಕಾಯಿಸಿಟ್ಟಿದ್ದರೆ ಮರುದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ ಬನ್ನಿ.